ಮೂವತ್ತೊಂದನೆಯ ಖುಲಾಸೆ

ಮಾರ್ಚ್ 4, ಸೋಮವಾರ

ಇಂದು ಮೂವರು ಆರೋಪಿಗಳು. ಮೂವರೂ ಖುಲಾಸೆ. ನ್ಯಾಯದೇವತೆಗೆ ಮಧ್ಯಾಹ್ನದ ಹೊತ್ತಿಗೇ ಆಕಳಿಕೆ.

ಕ್ಲಿನಿಕ್ಕಿನ ಹಿಂದಿನ ಕೋಣೆಯನ್ನು ನಾನು ‘ಘನ ನ್ಯಾಯಾಲಯ’ ಎಂದು ಕರೆಯತೊಡಗಿ ಮೂರು ವಾರವಾಯಿತು. ಆಸ್ತಿ ವಿವರ: ಉದ್ದನೆಯ ಬೆಂಚು ಒಂದು — ಅದೇ ಕಟಕಟೆ. ಗೋಡೆ ಗಡಿಯಾರ ಒಂದು. ಕಿಟಕಿ ಕಟ್ಟೆಯ ಮೇಲೆ ಸ್ಟೀಲ್ ಟ್ರೇ, ಅದಕ್ಕೆ ಬಿಳಿ ಬಟ್ಟೆಯ ಹೊದಿಕೆ. ಬಟ್ಟೆಯ ಕೆಳಗೆ ಅಡ್ರಿನಲಿನ್ ತುಂಬಿದ ಪುಟ್ಟ ಗಾಜಿನ ಆಂಪೂಲುಗಳು, ಸಿರಿಂಜು. ಯಾರಿಗಾದರೂ ಮೈ ಉಬ್ಬಿ ಉಸಿರು ಕಟ್ಟಿದರೆ ತೊಡೆಗೆ ಚುಚ್ಚಲು. ಇದುವರೆಗೆ ಬಟ್ಟೆ ಸರಿದಿಲ್ಲ.

ಆರೋಪಿಗಳೆಂದರೆ ಫೈಲಿನ ಮೇಲೆ ಕೆಂಪು ಸ್ಟಿಕ್ಕರ್ ಇರುವವರು. ‘ಪೆನಿಸಿಲಿನ್ ಆಗದು.’ ಯಾವ ಕಾಲದಲ್ಲೋ ಯಾರೋ ಅಂಟಿಸಿದ್ದು. ಹತ್ತು ಸ್ಟಿಕ್ಕರಿನಲ್ಲಿ ಒಂಬತ್ತು ಸುಳ್ಳು ಎಂಬುದು ಡಾಕ್ಟರಮ್ಮನ ವಾದ. ಆದ್ದರಿಂದ — ಹಳೆಯ ಕಥೆ ಕೇಳಿ, ಅಪಾಯ ಕಡಿಮೆ ಎನಿಸಿದವರಿಗೆ ಪೆನಿಸಿಲಿನ್ ಜಾತಿಯ ಒಂದು ಕ್ಯಾಪ್ಸೂಲು ನುಂಗಿಸಿ, ಒಂದು ಗಂಟೆ ಬೆಂಚಿನ ಮೇಲೆ ಕೂರಿಸುವುದು. ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಚರ್ಮ, ಉಸಿರು ನೋಡುವುದು. ಏನೂ ಆಗದಿದ್ದರೆ ಸ್ಟಿಕ್ಕರ್ ಕಿತ್ತು ಹಾಕುವುದು.

ಕ್ಯಾಪ್ಸೂಲು ಕೊಡುವವನು ನಾನು. ನೋಡುವವನು ನಾನು. ಕೀಳುವವನೂ ನಾನೇ. ಕಾಂಟ್ರಾಕ್ಟ್ ನರ್ಸು, ವಯಸ್ಸು ಇಪ್ಪತ್ತನಾಲ್ಕು, ಈ ದಿನಚರಿಯ ಏಕೈಕ ಲೇಖಕ ಹಾಗೂ ಏಕೈಕ ಓದುಗ.

ಮೂರನೆಯವರಾದ ಬಟ್ಟೆ ಅಂಗಡಿಯಾಕೆಗೆ ಎದ್ದು ನಿಂತು ತೀರ್ಪು ಓದಿದೆ: “ತಾವು ಸಕಲ ಆರೋಪಗಳಿಂದ ಗೌರವಪೂರ್ವಕವಾಗಿ ಮುಕ್ತರಾಗಿದ್ದೀರಿ.” ಪಾಪ, ಗಾಬರಿಯಿಂದ ಕೈಮುಗಿದರು. ಬಾಗಿಲಲ್ಲಿ ದೊಡ್ಡ ಸಿಸ್ಟರ್. ಸರ್ವಿಸು ಮೂವತ್ತು ವರ್ಷ, ನಕ್ಕಿದ್ದು ಎರಡು ಸಲ.

“ಲೋ, ನಿನ್ನ ನಾಟಕ ಕಂಪನಿ ಬಾಗಿಲು ಮುಚ್ಚೋ. ಹೊರಗೆ ಹನ್ನೊಂದು ಜನ ಕಾಯ್ತಿದ್ದಾರೆ.”

ಮುಚ್ಚಿದೆ. ಬಾಗಿಲನ್ನು ಮಾತ್ರ.

ಮಾರ್ಚ್ 7, ಗುರುವಾರ

ಇಂದಿನ ಮನರಂಜನೆ: ನಿವೃತ್ತ ಲೆಕ್ಕದ ಮೇಷ್ಟ್ರು. ಕ್ಯಾಪ್ಸೂಲು ಇನ್ನೂ ನನ್ನ ಕೈಯಲ್ಲಿದೆ, ಇವರು ಅಲ್ಲಿ ಪರಪರ ಕೆರೆಯುತ್ತಿದ್ದಾರೆ.

“ಶುರುವಾಯ್ತು ನೋಡಪ್ಪ, ಶುರುವಾಯ್ತು.”

“ಸಾರ್, ನೀವಿನ್ನೂ ನುಂಗೇ ಇಲ್ಲ.”

“ಹೌದಾ?” ಕೆರೆತ ನಿಂತಿತು. ನುಂಗಿದ ಮೇಲೆ ಮತ್ತೆ ಶುರು. ಗಂಟೆ ಮುಗಿದಾಗ ಮೈಮೇಲೆ ಉಗುರಿನ ಗೀರು ಬಿಟ್ಟರೆ ಒಂದು ಗುಳ್ಳೆಯೂ ಇಲ್ಲ. ಖುಲಾಸೆ.

ಡಾಕ್ಟರಮ್ಮ ಆಮೇಲೆ ಹೇಳಿದರು, ಭಯಕ್ಕೂ ತುರಿಕೆ ಬರುತ್ತದೆಯಂತೆ. ಬರೀ ನೀರು ಕೊಟ್ಟು ಔಷಧ ಅಂದರೂ ಕೆಲವರಿಗೆ ಮೈ ಕಡಿಯುತ್ತದಂತೆ. ಕೇಳಿದ್ದೇ ತಡ, ನನ್ನ ತಲೆಯ ಮೂಲೆಯಲ್ಲಿ ಯಾವನೋ ಕಿಡಿಗೇಡಿ ಎದ್ದು ಕೂತ. ಕೂತಿರಲಿ. ಬಾಡಿಗೆ ಕೇಳುವುದಿಲ್ಲ.

ಮಾರ್ಚ್ 11, ಸೋಮವಾರ

ಬಟ್ಟೆ ಸರಿಯಿತು.

ಮೂವತ್ತನೆಯ ಹೆಸರು. ಅಂಚೆ ಹಂಚುವಾಕೆ, ಗಟ್ಟಿ ಹೆಣ್ಣು, ಇಡೀ ಹೊತ್ತು ನನ್ನನ್ನೇ ಗೇಲಿ ಮಾಡುತ್ತಿದ್ದರು. ಮೂವತ್ತೈದನೆಯ ನಿಮಿಷ — ಕತ್ತಿನ ಮೇಲೆ ಕೆಂಪು ದದ್ದು. ನಾಣ್ಯದಷ್ಟು. ನೋಡುತ್ತಿದ್ದಂತೆ ಅಂಗೈಯಷ್ಟು. ತುಟಿ ದಪ್ಪಗಾಯಿತು. ಅವರು ಹೆದರಿರಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ನಗುತ್ತಲೇ ಇದ್ದರು, ಮುಖ ಮಾತ್ರ ಬೇರೆ ಯಾರದೋ ಆಗುತ್ತಿತ್ತು.

ಡಾಕ್ಟರಮ್ಮ ಬಂದು ತೊಡೆಗೆ ಚುಚ್ಚಿದರು. ಹತ್ತು ನಿಮಿಷದಲ್ಲಿ ಇಳಿಯಿತು. ಸಂಜೆವರೆಗೆ ಮಲಗಿಸಿ ಕಳಿಸಿದೆವು. ಅವರ ಸ್ಟಿಕ್ಕರಿನ ಪಕ್ಕ ಇನ್ನೊಂದು ಸ್ಟಿಕ್ಕರ್ ಅಂಟಿಸಿದೆ. ಸೊಟ್ಟಗೆ ಅಂಟಿತು.

“ಇದಕ್ಕೇ ಒಂದು ಗಂಟೆ ಕೂರಿಸೋದು,” ಎಂದರು ಡಾಕ್ಟರಮ್ಮ. “ಇದಕ್ಕೇ ನಿನ್ನನ್ನ ಇಲ್ಲಿ ನಿಲ್ಲಿಸಿರೋದು. ತಿಳೀತಾ?”

ತಿಳಿಯಿತು.

ಮಾರ್ಚ್ 12, ಮಂಗಳವಾರ

ಮೂವತ್ತೊಂದನೆಯ ಆರೋಪಿ ನಮ್ಮವನೇ. ಡ್ರೈವರಣ್ಣ. ಕ್ಲಿನಿಕ್ಕಿನ ಗಾಡಿ ಓಡಿಸುವವನು. ಆರಡಿ ಎತ್ತರ, ಮೀಸೆ ಬೇರೆ. ಆರು ವರ್ಷದವನಿದ್ದಾಗ ಯಾವುದೋ ಔಷಧ ಕೊಟ್ಟು ಮೈಯೆಲ್ಲ ದದ್ದೆದ್ದಿತ್ತಂತೆ. ಅವನಿಗೇ ನೆನಪಿಲ್ಲ, ಅಮ್ಮ ಹೇಳಿದ್ದು. ಅಂದಿನಿಂದ ಸ್ಟಿಕ್ಕರ್. ಹೋದ ವರ್ಷ ಒಸಡು ಬಾತು ಕೀವಾದಾಗ ಬೇರೆ ಗುಳಿಗೆ ಕೊಟ್ಟು, ಅದು ಹೊಟ್ಟೆಗಾಗದೆ ವಾರವಿಡೀ ವಾಂತಿ. ಗಾಡಿಯನ್ನು ದೊಡ್ಡ ಸಿಸ್ಟರೇ ಓಡಿಸುತ್ತೇನೆಂದು ಹೊರಟಿದ್ದರು. ಊರು ಉಳಿದದ್ದು ಪುಣ್ಯ.

ನಾಳೆ ಅವನ ಸರದಿ. ನಿನ್ನೆಯದನ್ನು ಕಣ್ಣಾರೆ ನೋಡಿದ್ದಾನೆ. ಇಂದು ನಾಲ್ಕು ಸಲ ಬಂದ.

“ತಮ್ಮಾ, ನಾನು ಆಮೇಲೆ ಮಾಡಿಸ್ಕೋತೀನಿ ಕಣೋ.”

“ವಾರಂಟ್ ಹೊರಟಾಗಿದೆ ಅಣ್ಣ.”

“ತಮಾಷೆ ಬೇಡ. ನನಗೇನಾದ್ರೂ ಆದ್ರೆ ನಿಮ್ಮತ್ತಿಗೆ ನಿನ್ನನ್ನ ಬಿಡಲ್ಲ.”

ಬೆವರುತ್ತಿದ್ದ. ಆಗ ಆ ಕಿಡಿಗೇಡಿ ಬಾಯಿ ಬಿಟ್ಟ. ಮೊದಲು ಸಕ್ಕರೆ ತುಂಬಿದ ಕ್ಯಾಪ್ಸೂಲು ಕೊಡು. ಖಂಡಿತ ಕೆರೆದುಕೊಳ್ಳುತ್ತಾನೆ. ಗಂಟೆ ಮುಗಿದ ಮೇಲೆ ಸತ್ಯ ಹೇಳು. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಭಯ ಬಿಟ್ಟುಹೋಗುತ್ತದೆ. ಆಮೇಲೆ ನಿಜವಾದದ್ದನ್ನು ಕೊಡು. ತಮಾಷೆಯೂ ಆಯಿತು, ಉಪಕಾರವೂ ಆಯಿತು.

ರಾತ್ರಿ ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಕ್ಯಾಪ್ಸೂಲು ಬಿಚ್ಚಿ, ಪುಡಿ ಚೆಲ್ಲಿ, ಸಕ್ಕರೆ ಅರೆದು ತುಂಬಿದೆ. ಅಕ್ಕ ಹೊಲಿಗೆ ಮಿಶಿನ್ನಿನಿಂದ ತಲೆ ಎತ್ತಿದಳು. “ಏನೋ ಅದು?”

“ಔಷಧ ಶಾಸ್ತ್ರ.”

“ನಿನ್ನ ಶಾಸ್ತ್ರದಿಂದ ಯಾರಿಗೆ ಗ್ರಹಚಾರವೋ,” ಎಂದು ಮತ್ತೆ ತುಳಿಯತೊಡಗಿದಳು.

ಮಾರ್ಚ್ 13, ಬುಧವಾರ

ಎಲ್ಲಿಂದ ಶುರು ಮಾಡಲಿ.

11.00 — ನುಂಗಿದ. ಕಣ್ಣು ಮುಚ್ಚಿಕೊಂಡು, ಬೆಟ್ಟದಿಂದ ಹಾರುವವನ ಹಾಗೆ.

11.15 — ನಾಡಿ ತೊಂಬತ್ತಾರು. ಚರ್ಮ ಸರಿ. ಎಡಗೈ ಕೆರೆತ ಆರಂಭ. ನಾನು ಗಂಭೀರ. ಒಳಗೆ ಹೊಟ್ಟೆ ಹುಣ್ಣಾಗುತ್ತಿದೆ.

11.30 — ಎರಡೂ ಕೈ, ಕತ್ತು, ಹೊಟ್ಟೆ. “ತಮ್ಮಾ, ಗಂಟಲು ಒಂಥರಾ ಆಗ್ತಿದೆ ಕಣೋ.” ಸಕ್ಕರೆಗೆ ಗಂಟಲು ಒಂಥರಾ! ದೇವರೇ, ಈ ಕ್ಷಣಕ್ಕಾಗಿಯೇ ನಾನು ಹುಟ್ಟಿದ್ದು.

11.40 — ಡಾಕ್ಟರಮ್ಮ ಒಳಗೆ ಬಂದರು. ಅದು ಲೆಕ್ಕದಲ್ಲಿರಲಿಲ್ಲ. ಅಂಗಿ ಬಿಚ್ಚಿಸಿ ಬೆನ್ನು ನೋಡಿದರು, ಬಾಯಿ ನೋಡಿದರು, ಎದೆಗೆ ಸ್ಟೆತ್ ಇಟ್ಟು ಕೇಳಿದರು. ಕುರ್ಚಿ ಎಳೆದುಕೊಂಡು ಅವನ ಎದುರೇ ಕೂತರು. ಬಲಗೈ ಹಿಡಿದುಕೊಂಡರು. “ನೋಡು, ಇದು ಭಯ ಅಷ್ಟೆ. ನಿನ್ನ ಮೈಗೆ ಏನೂ ಆಗಿಲ್ಲ. ನಾನು ಇಲ್ಲೇ ಕೂತಿರ್ತೀನಿ.” ಇಪ್ಪತ್ತು ನಿಮಿಷ ಕೂತರು. ಹೊರಗೆ ಜನ ಕಾಯುತ್ತಿದ್ದರು. ಕದಲಲಿಲ್ಲ.

12.00 — ಕೆರೆತ ನಿಂತಿತ್ತು. ಡಾಕ್ಟರಮ್ಮ ತಾವೇ ಸ್ಟಿಕ್ಕರ್ ಕಿತ್ತರು. ಫೈಲಿನಲ್ಲಿ ಬರೆದರು, ಸಹಿ ಹಾಕಿದರು. ದೊಡ್ಡ ಸಿಸ್ಟರನ್ನೂ ಕರೆದರು. “ನಾನು ಎಲ್ಲರಿಗೂ ಹೇಳೋ ಕೇಸು ಇದು. ನಲವತ್ತು ವರ್ಷ ಇವನನ್ನ ಕಾಡಿದ್ದು ಅಲರ್ಜಿ ಅಲ್ಲ, ಭಯ.”

ನಾನು ಬಾಯಿ ತೆರೆದೆ. ಆಗ ಡ್ರೈವರಣ್ಣ ಅತ್ತ. ಆರಡಿ ಆಳು, ಬೆಂಚಿನ ಮೇಲೆ ಕೂತು, ಮಕ್ಕಳ ಹಾಗೆ. ದೊಡ್ಡ ಸಿಸ್ಟರ್ ಅವನ ತಲೆ ಸವರಿದರು.

ಬಾಯಿ ಮುಚ್ಚಿದೆ. ನಾಳೆ ಹೇಳಿದರಾಯಿತು. ನಾಳೆ ಖಂಡಿತ.

ಮಾರ್ಚ್ 14, ಗುರುವಾರ

ಹೇಳಲು ಹೋದೆ. ಅವನೇ ಎದುರಾದ. ಕೈಯಲ್ಲಿ ಗೀಟಿಲ್ಲದ ದಪ್ಪ ಹಾಳೆ.

“ತಮ್ಮಾ, ನಿನ್ನ ಅಕ್ಷರ ಮುತ್ತಿನ ಹಾಗಿರುತ್ತೆ. ಒಂದು ಸರ್ಟಿಫಿಕೇಟ್ ಬರ್ಕೊಡು. ನಿನ್ನ ಆ ಕೋರ್ಟು ಭಾಷೇಲೇ. ಪರ್ಸಲ್ಲಿ ಇಟ್ಕೋತೀನಿ. ಎಲ್ಲಿ ಹೋದ್ರೂ ತೋರಿಸ್ಬಹುದು.”

ಅಲ್ಲೇ ಹೇಳಬೇಕಿತ್ತು. ಸುತ್ತ ಮೂರು ಜನರಿದ್ದರು. ಬರೆದೆ. ‘ಸದರಿ ವ್ಯಕ್ತಿಯು ಘನ ನ್ಯಾಯಾಲಯದ ಮುಂದೆ ಪೂರ್ಣ ವಿಚಾರಣೆಗೆ ಒಳಪಟ್ಟು, ಪೆನಿಸಿಲಿನ್ ಸೇವಿಸಲು ಸರ್ವಥಾ ಅರ್ಹನೆಂದು...’ ಡಾಕ್ಟರಮ್ಮ ಓದಿ ನಕ್ಕು, ಕೆಳಗೆ ಸಹಿ ಮಾಡಿ ಸೀಲು ಒತ್ತಿದರು.

ಸಂಜೆಯೊಳಗೆ ಲ್ಯಾಮಿನೇಟ್ ಆಗಿತ್ತು. ಟೀ ಅಂಗಡಿಯವನಿಗೆ ಓದಿ ಹೇಳುತ್ತಿದ್ದ. ‘ಸರ್ವಥಾ ಅರ್ಹನೆಂದು’ ಎಂಬಲ್ಲಿ ಎರಡು ಸಲ ನಿಲ್ಲಿಸಿ ಓದಿದ.

ಮಾರ್ಚ್ 18, ಸೋಮವಾರ

ನಿಯಮ: ಐದನೆಯ ದಿನ ಫೋನ್ ಮಾಡಿ ದದ್ದು, ಜ್ವರ ಏನಾದರೂ ಬಂತೇ ಎಂದು ಕೇಳಬೇಕು. ಮಾಡುವವನು ನಾನು.

ಡ್ರೈವರಣ್ಣ ಅಂಗಳದಲ್ಲೇ ಗಾಡಿ ತೊಳೆಯುತ್ತಿದ್ದ. ಆದರೂ ಫೋನ್ ಮಾಡಿದೆ. ಮುಖ ನೋಡಬೇಕಾಗಲಿಲ್ಲ.

“ಏನೂ ಇಲ್ಲಪ್ಪ, ಆರಾಮಾಗಿದೀನಿ.”

ಬರೆದೆ: ಐದನೆಯ ದಿನ, ತೊಂದರೆ ಇಲ್ಲ. ಸಕ್ಕರೆ ತಿಂದವನಿಗೆ ಏನು ತೊಂದರೆ.

ಈಗ ಸುಳ್ಳು ಎರಡು ಕಡೆ ಇದೆ. ಒಂದು ಅವನ ಪರ್ಸಿನಲ್ಲಿ, ಒಂದು ನಮ್ಮ ಫೈಲಿನಲ್ಲಿ. ಎರಡೂ ನನ್ನ ಮುತ್ತಿನ ಅಕ್ಷರದಲ್ಲಿ.

ಮಾರ್ಚ್ 20, ಬುಧವಾರ

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಕೇಳಿದಳು, “ಹುಷಾರಿಲ್ವಾ ನಿನಗೆ?”

“ಯಾಕೆ?”

“ಒಂದು ವಾರದಿಂದ ಉಪ್ಪಿನ ಡಬ್ಬಿಯಲ್ಲಿ ಉಪ್ಪೇ ಇದೆ. ಸಕ್ಕರೆ ತುಂಬಿಟ್ಟು ಆಟ ಆಡಿಸಿಲ್ಲ ನೀನು.”

ನಗಲು ಪ್ರಯತ್ನಿಸಿದೆ. ಅವಳು ಇನ್ನಷ್ಟು ಗಾಬರಿಯಾದಳು.

ಡಾಕ್ಟರಮ್ಮನ ಲೆಕ್ಕ ಹಿಡಿದು ನೋಡಿದೆ. ಹತ್ತರಲ್ಲಿ ಒಂಬತ್ತು ಸುಳ್ಳು. ಹಾಗಾದರೆ ಡ್ರೈವರಣ್ಣನೂ ಬಹುಶಃ ಸರಿಯೇ. ಬಹುಶಃ. ಆದರೆ ಅಂಚೆಯಾಕೆಯ ಫೈಲಿನಲ್ಲಿ ಬರೆದದ್ದೂ ಅದೇ ಮಾತು — ಬಾಲ್ಯದಲ್ಲಿ ದದ್ದು, ಅಪಾಯ ಕಡಿಮೆ.

ಮಾರ್ಚ್ 22, ಶುಕ್ರವಾರ

ಇಂದು ನಾನು ಮಾಡಲು ಹೋದ ಕೆಲಸವನ್ನು ಬರೆದಿಡಬೇಕು. ಬೇರೆಲ್ಲೂ ಬರೆಯಲಾಗದು.

ನಿಜವಾದ ಕ್ಯಾಪ್ಸೂಲು ಜೇಬಿನಲ್ಲಿಟ್ಟುಕೊಂಡು ಗಾಡಿಯ ಹತ್ತಿರ ಹೋದೆ. ಟ್ರೇ ಎಲ್ಲಿದೆ ನನಗೆ ಗೊತ್ತು, ಡಾಕ್ಟರಮ್ಮ ಒಳಗಿದ್ದಾರೆ, ಮಾತಾಡುತ್ತಾ ಒಂದು ಗಂಟೆ ಅವನ ಪಕ್ಕ ಕೂತರೆ ಪರೀಕ್ಷೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ...

“ಅಣ್ಣ, ವಿಟಮಿನ್. ಸ್ಯಾಂಪಲ್ ಬಂದಿದೆ.”

“ಕೊಡು ಕೊಡು.” ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದ. “ನಾಳೆ ಮಗಳನ್ನ ಹಾಸ್ಟೆಲ್ಲಿಗೆ ಬಿಡೋಕೆ ಹೋಗ್ಬೇಕು. ದಾರೀಲಿ ನುಂಗ್ತೀನಿ.”

ಕಣ್ಣಿಗೆ ಕಟ್ಟಿತು. ಖಾಲಿ ರಸ್ತೆ. ಪಕ್ಕದಲ್ಲಿ ಮಗಳು. ಅವನು ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದರಲ್ಲಿ ಕತ್ತು ಕೆರೆಯುತ್ತಿದ್ದಾನೆ.

ಜೇಬಿಗೇ ಕೈ ಹಾಕಿ ಕಿತ್ತುಕೊಂಡೆ.

“ಏನೋ, ಕೊಟ್ಟು ಕಿತ್ಕೋತೀಯಾ?”

“ಡೇಟ್ ಮುಗಿದಿದೆ ಅಣ್ಣ. ಈಗ ನೋಡಿದೆ.”

“ಥೂ, ಕೊಲ್ತಿದ್ದೆಯಲ್ಲೋ ನನ್ನ!” ನಕ್ಕು ಬೆನ್ನಿಗೆ ಗುದ್ದಿದ.

ಕ್ಯಾಪ್ಸೂಲನ್ನು ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟೆ.

ಏಪ್ರಿಲ್ 9, ಮಂಗಳವಾರ

ಎರಡೂವರೆ ವಾರ ಬರೆದಿಲ್ಲ. ಬರೆಯುವಂಥದು ಏನೂ ಆಗಲಿಲ್ಲ. ಪ್ರತಿ ದಿನ ಏನೂ ಆಗಲಿಲ್ಲ. ಗಾಡಿ ಬಂದು ನಿಂತ ಸದ್ದಾದರೆ ಕಿಟಕಿಗೆ ಹೋಗಿ, ಇಳಿಯುವವನು ಅವನೇ ಎಂದು ನೋಡಿ, ವಾಪಸ್ ಬರುತ್ತೇನೆ.

ಇಂದು ದೊಡ್ಡ ಆಸ್ಪತ್ರೆಯಿಂದ ಮೂವರು ಬಂದಿದ್ದರು. ನಮ್ಮ ಪರೀಕ್ಷೆ ನೋಡಿಕೊಂಡು ಹೋಗಿ ಬೇರೆ ಕ್ಲಿನಿಕ್ಕುಗಳಲ್ಲೂ ಶುರು ಮಾಡುತ್ತಾರಂತೆ. ಡಾಕ್ಟರಮ್ಮ ಡ್ರೈವರಣ್ಣನನ್ನು ಕರೆಸಿ ನಿಲ್ಲಿಸಿದರು. ಅವನು ಪರ್ಸು ತೆಗೆದು ಓದಿದ. ಚಪ್ಪಾಳೆ. ಬಂದವರಲ್ಲಿ ಒಬ್ಬರು ನನ್ನ ಕೈ ಕುಲುಕಿ, “ನಿಮ್ಮಂಥ ಹುಡುಗರು ಬೇಕು” ಎಂದರು. ಈ ತಿಂಗಳ ಕೊನೆಗೆ ನನ್ನ ಕಾಂಟ್ರಾಕ್ಟು ಮುಗಿಯುತ್ತದೆ. ಮುಂದುವರಿಸಲು ಡಾಕ್ಟರಮ್ಮ ಆಗಲೇ ಬರೆದಿದ್ದಾರಂತೆ.

ಈಗ ಹೇಳಿದರೆ ನನ್ನ ಕೆಲಸ ಮಾತ್ರ ಹೋಗುವುದಿಲ್ಲ. ಈ ಪರೀಕ್ಷೆಯೇ ನಿಲ್ಲುತ್ತದೆ. ಬಟ್ಟೆ ಅಂಗಡಿಯಾಕೆ, ಮೇಷ್ಟ್ರು, ಎಲ್ಲರ ಖುಲಾಸೆಯ ಮೇಲೂ ಅನುಮಾನ.

ನೋಡು, ಎಷ್ಟು ಚೆನ್ನಾಗಿ ವಾದ ಮಾಡುತ್ತೇನೆ. ವಕೀಲನಾಗಬೇಕಿತ್ತು.

ಸೋಮವಾರ ಹೇಳುತ್ತೇನೆ. ಡಾಕ್ಟರಮ್ಮನಿಗೇ. ಬರೆದಿಟ್ಟಿದ್ದೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಏಪ್ರಿಲ್ 15, ಸೋಮವಾರ

ಡಾಕ್ಟರಮ್ಮ ರಜೆ. ನಾಳೆ.

ಏಪ್ರಿಲ್ 16, ಮಂಗಳವಾರ

ಮಧ್ಯಾಹ್ನ 2.06

ಡ್ರೈವರಣ್ಣನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಐದು ನಿಮಿಷಕ್ಕೊಮ್ಮೆ ಬರೆದಿಡು ಎಂದು ಡಾಕ್ಟರಮ್ಮನ ಆಜ್ಞೆ. ಚೀಲದಲ್ಲಿದ್ದ ಪುಸ್ತಕ ಇದೊಂದೇ.

ಬೇಗ ಬೇಗ: ಬೆಳಿಗ್ಗೆ ಅವನು ಬರಲಿಲ್ಲ. ಒಂದೂಮುಕ್ಕಾಲಿಗೆ ದೊಡ್ಡ ಸಿಸ್ಟರ್ ಅಂದರು, “ಅವನಿಗೆ ಮತ್ತೆ ಒಸಡು ಬಾತಿದೆಯಂತೆ. ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ನಂತೆ. ಈ ಸಲ ಒಳ್ಳೇ ಗುಳಿಗೆನೇ ಸಿಕ್ತಂತೆ, ನಿನ್ನ ಸರ್ಟಿಫಿಕೇಟ್ ನೋಡಿ.”

ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. “ಈಗಷ್ಟೇ ಊಟ ಮಾಡಿ ನುಂಗಿದ್ರು. ಒಂದೂನಲವತ್ತಕ್ಕೆ. ಯಾಕಪ್ಪ?”

ಟ್ರೇಯಿಂದ ಆಂಪೂಲು ಎರಡು, ಸಿರಿಂಜು ಬಾಚಿಕೊಂಡು ಓಡಿದೆ. ಓಡುತ್ತಲೇ, ಊಟಕ್ಕೆ ಮನೆಗೆ ಹೋಗಿದ್ದ ಡಾಕ್ಟರಮ್ಮನಿಗೆ ಫೋನ್. ಎಲ್ಲ ಹೇಳಿದೆ. ಒಂದು ತಿಂಗಳು ಹೇಳಲಾಗದ್ದು ಅರ್ಧ ರಸ್ತೆಯಲ್ಲಿ ಮುಗಿಯಿತು. ಅವರು ಬೈಯಲಿಲ್ಲ.

“ಪಕ್ಕದಲ್ಲಿ ಕೂರು. ದದ್ದು, ತುಟಿ, ದನಿ, ಕೆಮ್ಮು. ಬರ್ದಿಡು. ಉಸಿರಾಟ ಕೆಟ್ರೆ ಕಾಯ್ಬೇಡ, ತೊಡೆಗೆ ಚುಚ್ಚು. ನಾನು ಬರ್ತೀನಿ.”

“ಗಾಡಿ ಮೇಡಂ?”

“ಗಾಡಿ ಓಡಿಸೋನು ನಿನ್ನ ಮುಂದೆ ಕೂತಿರ್ತಾನಲ್ಲ,” ಎಂದರು. ಆಮೇಲೆ: “ಅವನಿಗೆ ನಿಜ ಹೇಳು. ನಾನು ಬಂದು ಹೇಳೋದಲ್ಲ. ನೀನು.”

2.10 — ನುಂಗಿ ಮೂವತ್ತು ನಿಮಿಷ. ನಾಡಿ ಎಂಬತ್ತೆರಡು. ಚರ್ಮ ಸರಿ. ತುಟಿ ಸರಿ. ಎಡಗೆನ್ನೆ ಊದಿದೆ, ಅದು ಹಲ್ಲಿನದು. ಮಾತು ಸ್ಪಷ್ಟ.

“ಏನೋ ತಮ್ಮಾ, ರೌಂಡ್ಸಾ? ನಮ್ಮನೆಗೇ ಬಂತಾ ನಿನ್ನ ಕೋರ್ಟು?”

ಅತ್ತಿಗೆ ಟೀ ತಂದಿಟ್ಟರು. ಹಾಗೇ ಇದೆ.

2.15 — ನಾಡಿ ಎಂಬತ್ತಾರು. ಚರ್ಮ ಸರಿ. ಟಿವಿ ನೋಡುತ್ತಿದ್ದಾನೆ. ಇಂದು ಅವನಿಗೆ ಭಯವಿಲ್ಲ. ಒಂದು ಚೂರೂ ಇಲ್ಲ. ಇಂದು ಅವನ ಮೈಯಲ್ಲಿ ಏನೇ ಕಂಡರೂ ಅದು ಭಯದ್ದಲ್ಲ. ನಿಜ ಹೇಳಿದೆನೆಂದರೆ ಭಯ ಬರುತ್ತದೆ, ಕೆರೆತ ಬರುತ್ತದೆ, ಯಾವುದು ಯಾವುದೆಂದು ನನಗೆ ತಿಳಿಯುವುದಿಲ್ಲ. ಹೇಳದಿದ್ದರೆ ತಿಳಿಯುತ್ತದೆ.

ಮತ್ತೆ ವಾದ. ಸಾಕು.

2.20 — ನಾಡಿ ತೊಂಬತ್ತು. ಹೇಳಿದೆ.

“ಅಣ್ಣ, ಅವತ್ತು ಬೆಂಚಿನ ಮೇಲೆ ನಿಮಗೆ ಕೊಟ್ಟಿದ್ದು ಸಕ್ಕರೆ. ಔಷಧ ತೆಗೆದು ಸಕ್ಕರೆ ತುಂಬಿದ್ದೆ. ನಿಮಗೆ ಪರೀಕ್ಷೆನೇ ಆಗಿಲ್ಲ. ಸರ್ಟಿಫಿಕೇಟ್ ಸುಳ್ಳು. ಪರೀಕ್ಷೆ ಈಗ ಆಗ್ತಿದೆ.”

ನನ್ನನ್ನೇ ನೋಡಿದ. ಹೆಂಡತಿಯನ್ನು ನೋಡಿದ. ಜೇಬಿನಿಂದ ನಾನು ತೆಗೆದಿಟ್ಟ ಆಂಪೂಲು ನೋಡಿದ.

ನಗು. ಸೋಫಾ ಅಲುಗುವ ಹಾಗೆ.

“ಲೇ ಇವಳೇ, ನೋಡೇ ಇವನ್ನ! ಸೂಜಿ ಬೇರೆ ತಂದಿದಾನೆ!”

“ಅತ್ತಿಗೆ, ಇದು ತಮಾಷೆ ಅಲ್ಲ. ನನ್ನಕ್ಕನ ಆಣೆ.”

ಅತ್ತಿಗೆಗೂ ನಗು. “ಮುಖ ನೋಡಿ, ಎಷ್ಟು ಚೆನ್ನಾಗಿ ಮಾಡ್ತಾನೆ. ಕಣ್ಣಲ್ಲಿ ನೀರು ಬೇರೆ!”

“ಡಾಕ್ಟರಮ್ಮ ಬರ್ತಿದ್ದಾರೆ, ಅವರನ್ನೇ ಕೇಳಿ!”

“ಅವರನ್ನೂ ಸೇರಿಸ್ಕೊಂಡ್ಯಾ? ಭೇಷ್!”

2.25 — ನಾಡಿ ನೂರು. ನಕ್ಕಿದ್ದಕ್ಕೆ ಇರಬಹುದು. ಮುಖ ಕೆಂಪು. ನಕ್ಕಿದ್ದಕ್ಕೆ ಇರಬಹುದು. ಕತ್ತು ನೋಡಲು ಹೋದರೆ ಕೈ ತಳ್ಳುತ್ತಾನೆ. “ಬಿಡೋ, ಕಚಗುಳಿ ಆಗುತ್ತೆ.” ಕಾಲರಿನೊಳಗೆ ಏನೋ ಕೆಂಪಗೆ ಕಂಡಿತು. ನೆರಳೋ ಏನೋ.

ಅತ್ತಿಗೆ ನಗು ನಿಲ್ಲಿಸಿದ್ದಾರೆ. ನನ್ನನ್ನು ನೋಡುತ್ತಿದ್ದಾರೆ.

2.28 — ಇನ್ನೂ ನಗುತ್ತಿದ್ದಾನೆ. ನೆನೆಸಿಕೊಂಡು ನೆನೆಸಿಕೊಂಡು. “ಸಕ್ಕರೆಯಂತೆ...” ದನಿ ಸ್ವಲ್ಪ ದಪ್ಪ. ಮಧ್ಯೆ ಕೆಮ್ಮು, ಒಂದು. ಮತ್ತೆ ನಗು. ಕೆಮ್ಮು, ಮೂರು. ಅತ್ತಿಗೆ ನೀರು ಹಿಡಿದರು. ಬೇಡ ಎಂದು ಕೈ ಆಡಿಸಿದ. ಹೆಗಲು ಕುಲುಕುತ್ತಿದೆ, ಬಾಯಿ ತೆರೆದಿದೆ, ಸದ್ದು ಬರುತ್ತಿಲ್ಲ.

ಅತ್ತಿಗೆ: “ರೀ?”

ಅದು ನಗುವಲ್ಲ. ಸೂಜಿ —